ಅಣಬೆಯ ಕುಲ, ಪ್ರಭೇದ ಗೊತ್ತುಮಾಡಿ ಹೆಸರು ಬರೆಯುವ ಕ್ರಮ: ಧಾರವಾಡ, ಗದಗ, ಹಾವೇರಿ ಭಾಗದ ಆಸಕ್ತರಿಗೆ ಸಮಗ್ರ ಮಾರ್ಗದರ್ಶಿ

ಮೃಗಶಿರಾ ಮಳೆ ಹದವಾಗಿ ಬಿದ್ದು ಆರಿದ್ರಾ ಹಿಡಿಯುವ ಹೊತ್ತಿಗೆ ಕಲಘಟಗಿ, ಅಳ್ನಾವರ, ಹಾನಗಲ್ಲ ಭಾಗದ ಹೊಲದ ಬದುಗಳಲ್ಲಿ ಅಣಬೆ ಏಳತೊಡಗುತ್ತದೆ. ಹುತ್ತದ ಮೇಲೆ ಎದ್ದದ್ದನ್ನು ನಮ್ಮ ಜನ ಹುತ್ತದ ಅಣಬಿ ಎನ್ನುತ್ತಾರೆ. ತಿನ್ನಲು ಬಾರದ ಉಳಿದವೆಲ್ಲ ಅವರ ಬಾಯಲ್ಲಿ ನಾಯಿಕೊಡೆ. ಈ ಎರಡು ಹೆಸರುಗಳು ಒಂದೇ ತೂಕದವಲ್ಲ. ಹುತ್ತದ ಅಣಬಿ ಎಂಬ ಮಾತು ಶಿಲೀಂಧ್ರಶಾಸ್ತ್ರದ ಟರ್ಮಿಟೋಮೈಸಿಸ್ ಎಂಬ ಕುಲಕ್ಕೆ ಬಹುಮಟ್ಟಿಗೆ ಸರಿಹೊಂದುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಆ ಕುಲಕ್ಕೆ ಇಟ್ಟ ಹೆಸರಿನ ಅರ್ಥವೂ ಗೆದ್ದಲಿನ ಅಣಬೆ ಎಂದೇ. ನಾಯಿಕೊಡೆ ಎಂಬುದಾದರೋ ಹತ್ತಾರು ಕುಲಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟ ಹೆಸರು. ಆ ಗಂಟನ್ನು ಬಿಚ್ಚಿ, ಒಂದೊಂದು ಅಣಬೆಯನ್ನೂ ಅದರ ಕುಲಕ್ಕೂ ಸಾಧ್ಯವಾದರೆ ಪ್ರಭೇದಕ್ಕೂ ಸೇರಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಪದಗಳ ಬಗ್ಗೆ ಮೊದಲೇ ಒಂದು ಮಾತು. ಶಾಲೆಯ ಪಠ್ಯಪುಸ್ತಕಗಳಲ್ಲಿ ಜೀನಸ್ ಎಂಬುದಕ್ಕೆ ಜಾತಿ ಎಂಬ ಪದ ಬಳಕೆಯಲ್ಲಿದೆ. ಆದರೆ ಆಡುಮಾತಿನಲ್ಲಿ ಜಾತಿ ಎಂದರೆ ಜೀನಸ್ ಆಗಬಹುದು, ಸ್ಪೀಶೀಸ್ ಆಗಬಹುದು, ಬಿತ್ತನೆಯ ತಳಿಯೂ ಆಗಬಹುದು. ಅದಕ್ಕಾಗಿ ಈ ಬರಹದ ಉದ್ದಕ್ಕೂ ಜೀನಸ್‌ಗೆ ಕುಲ ಎಂದೂ ಸ್ಪೀಶೀಸ್‌ಗೆ ಪ್ರಭೇದ ಎಂದೂ ಬಳಸಿದ್ದೇನೆ.

ಇಲ್ಲಿ ಕೆಲಸ ಮೂರು ಬಗೆಯದು. ಕೈಯಲ್ಲಿರುವ ಅಣಬೆ ಈಗಾಗಲೇ ಹೆಸರಿರುವ ಯಾವ ಪ್ರಭೇದಕ್ಕೆ ಸೇರಿದ್ದು ಎಂದು ನಿರ್ಧರಿಸುವುದು ಗುರುತಿಸುವಿಕೆ. ಯಾವ ಪ್ರಭೇದ ಯಾವ ಕುಲಕ್ಕೆ, ಯಾವ ಕುಲ ಯಾವ ಕುಟುಂಬಕ್ಕೆ ಸೇರಬೇಕೆಂದು ಸಂಬಂಧ ನೋಡಿ ಜೋಡಿಸುವುದು ವರ್ಗೀಕರಣ. ಹಾಗೆ ಜೋಡಿಸಿದ ಗುಂಪಿಗೆ ಯಾವ ಹೆಸರು ಸಲ್ಲುತ್ತದೆ ಎಂದು ನಿಯಮಾವಳಿಯ ಪ್ರಕಾರ ತೀರ್ಮಾನಿಸುವುದು ನಾಮಕರಣ. ಹೊಸಬರು ಈ ಮೂರನ್ನೂ ಒಟ್ಟಿಗೆ ಕಲಸುತ್ತಾರೆ. ಮೊಬೈಲಿನಲ್ಲಿ ಚಿತ್ರ ಹೊಂದಿಸಿ ನೋಡಿ, ನೇರವಾಗಿ ಪ್ರಭೇದದ ಹೆಸರಿಗೆ ಹಾರುತ್ತಾರೆ. ನಾನು ಹೇಳಬಯಸುವ ಮುಖ್ಯ ವಿಷಯ ಅದಕ್ಕೆ ವಿರುದ್ಧವಾದದ್ದು: ಮೊದಲು ಒಣಗಿಸಿ ಕಾಪಾಡಿದ ಮಾದರಿ, ಆಮೇಲೆ ಕುಲ, ಎಲ್ಲಕ್ಕೂ ಕೊನೆಗೆ ಪ್ರಭೇದ.

ಈ ಮಾರ್ಗದರ್ಶಿ ತಿನ್ನುವ ಅಣಬೆ ಆರಿಸುವುದಕ್ಕೆ ಅಲ್ಲ. ಬೆಳ್ಳುಳ್ಳಿ ಕಪ್ಪಾದರೆ ವಿಷ, ಬೆಳ್ಳಿ ನಾಣ್ಯ ಕಂದಿದರೆ ವಿಷ, ಹುಳು ತಿಂದಿದ್ದರೆ ಮನುಷ್ಯನಿಗೂ ಆಗುತ್ತದೆ ಎಂಬ ಮಾತುಗಳಲ್ಲಿ ಒಂದೂ ನಿಜವಲ್ಲ. ಕುಲ ಸರಿಯಾಗಿ ಗೊತ್ತಾದ ಮಾತ್ರಕ್ಕೆ ಬಾಣಲೆಗೆ ಹಾಕುವ ಧೈರ್ಯ ಮಾಡಬೇಡಿ.

ಹಂತ 1: ಹೊರಡುವ ಮುನ್ನ

ನಮ್ಮ ಭಾಗದ ಒಂದು ಅನುಕೂಲವೆಂದರೆ, ಪಡುವಣದಿಂದ ಮೂಡಣಕ್ಕೆ ಸಾಗಿದಂತೆ ನೆಲವೂ ಮಳೆಯೂ ಬೇಗ ಬೇಗ ಬದಲಾಗುತ್ತವೆ. ಕಲಘಟಗಿ, ಅಳ್ನಾವರದ ಕಡೆ ಸಾಗವಾನಿ ಮತ್ತು ಮತ್ತಿ ಮರಗಳ ಎಲೆಯುದುರುವ ಕಾಡು. ಹಾನಗಲ್ಲ, ಶಿಗ್ಗಾವಿಯದು ಅರೆಮಲೆನಾಡು. ನವಲಗುಂದ, ನರಗುಂದ, ರೋಣದ ಸುತ್ತ ಎರೆಭೂಮಿ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಕುರುಚಲು ಕಾಡು. ರಾಣೆಬೆನ್ನೂರಿನ ಕಡೆ ಒಣ ಹುಲ್ಲುಗಾವಲು ಮತ್ತು ನೀಲಗಿರಿಯ ನೆಡುತೋಪು. ಒಂದೇ ವಾರದಲ್ಲಿ ಈ ಎಲ್ಲ ನೆಲಗಳನ್ನು ಸುತ್ತಿದವರಿಗೆ ಸಿಗುವ ಕುಲಗಳ ಪಟ್ಟಿ ಸಾಕಷ್ಟು ಉದ್ದವಾಗಿರುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮವಾಗಿದೆ, ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಧಾಮವಿದೆ. ಇಂಥ ಕಡೆಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಅಣಬೆಯನ್ನೂ ಕೀಳಬಾರದು. ಹೊಲವಾದರೆ ಹೊಲದವರನ್ನು ಕೇಳಿಯೇ ಇಳಿಯಬೇಕು.

ಒಂದು ಗಟ್ಟಿ ಚಾಕು, ಸಣ್ಣ ಕುರ್ಚಗಿ, ಬುಟ್ಟಿ, ಬಗೆಬಗೆಯ ಅಳತೆಯ ಕಾಗದದ ಚೀಲ, ಪೆನ್ಸಿಲ್, ಅಳತೆಪಟ್ಟಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ನೋಟಬುಕ್ಕು ಇಷ್ಟಿದ್ದರೆ ಸಾಕು. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಅದರಲ್ಲಿ ಅಣಬೆ ಬೆವತು ಕೊಳೆಯುತ್ತದೆ. ಪೆನ್ನಿಗಿಂತ ಪೆನ್ಸಿಲ್ ಲೇಸು, ಮಳೆಹನಿ ಬಿದ್ದರೂ ಅಕ್ಷರ ಕದಡುವುದಿಲ್ಲ.

ಹಂತ 2: ಕೀಳುವ ಮೊದಲು ನೋಡುವುದು, ಬುಡಸಮೇತ ಎತ್ತುವುದು

ಅಣಬೆ ಕಂಡ ಕೂಡಲೇ ಕೈ ಹಾಕಬಾರದು. ಅದು ಎದ್ದಿರುವುದು ಮಣ್ಣಿನಲ್ಲೋ, ಸಗಣಿಯಲ್ಲೋ, ಕೊಳೆತ ಜೋಳದ ದಂಟಿನಲ್ಲೋ, ಒಣಮರದಲ್ಲೋ, ಜೀವಂತ ಮರದ ಬೇರಿನ ಮಗ್ಗುಲಲ್ಲೋ ಎಂಬುದನ್ನು ಬರೆದುಕೊಳ್ಳಬೇಕು. ಹತ್ತಿರದ ಮರಗಳ ಹೆಸರೂ ಬೇಕು. ಪಿಸೊಲಿಥಸ್ ಎಂಬ ಕುಲದ ಶಿಲೀಂಧ್ರ ನೀಲಗಿರಿ ಮೊದಲಾದ ಮರಗಳ ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಕಟ್ಟಿಕೊಂಡು ಬದುಕುತ್ತದೆ; ಮರದ ಹೆಸರು ಬರೆಯದಿದ್ದರೆ ಅದರ ಗುರುತಿನ ಅರ್ಧ ಸುಳಿವು ಅಲ್ಲೇ ಉಳಿದುಹೋಗುತ್ತದೆ. ಎಲ್ಲಿ ಸಿಕ್ಕಿತು ಎಂಬುದಕ್ಕೆ ಊರು, ತಾಲೂಕು, ಅಕ್ಷಾಂಶ, ರೇಖಾಂಶ ಬರೆಯಿರಿ. ಪುಷ್ಯ ಮಳೆ, ಆಶ್ಲೇಷಾ ಮಳೆ ಎಂದು ಬರೆದುಕೊಳ್ಳುವುದು ನನಗೂ ರೂಢಿ, ಅದು ಒಳ್ಳೆಯದೇ. ಆದರೆ ಅದರ ಪಕ್ಕದಲ್ಲಿ ತಾರೀಖು ಮತ್ತು ಇಸವಿ ಇರಲೇಬೇಕು.

ಎತ್ತುವಾಗ ಬುಡ ತುಂಡಾಗದಂತೆ ಎಚ್ಚರ ವಹಿಸಬೇಕು. ಇದರ ಬೆಲೆ ನನಗೆ ತಿಳಿದದ್ದು ಕಲಘಟಗಿಯ ಹತ್ತಿರದ ಒಂದು ಬದುವಿನಲ್ಲಿ. ಹುತ್ತದ ಮಗ್ಗುಲಿಗೆ ಬೂದಿಬಿಳಿಯ ಕೊಡೆಗಳು ಹತ್ತಿಪ್ಪತ್ತು ಎದ್ದಿದ್ದವು. ನಾನು ಕುರ್ಚಗಿ ಹಿಡಿದು ಕೂತದ್ದನ್ನು ನೋಡಿ ಹೊಲದ ಅಜ್ಜ ಬಂದು, "ಬೇರು ಕೀಳಬ್ಯಾಡ್ರೀ ಸರ, ಬರೂ ವರ್ಷ ಏಳೂದಿಲ್ಲ" ಎಂದರು. ಒಂದನ್ನು ಮಾತ್ರ ಅಗೆಯುತ್ತೇನೆ, ಉಳಿದವನ್ನು ಮುಟ್ಟುವುದಿಲ್ಲ ಎಂದು ಹೇಳಿ ಒಪ್ಪಿಸಿದೆ. ಕಾಂಡ ನೆಲದ ಮಟ್ಟಕ್ಕೆ ಮುಗಿಯಲಿಲ್ಲ. ಕೆಳಕ್ಕೆ ಹೋದಂತೆ ಸಣ್ಣಗಾಗುತ್ತ, ಮೇಲೆ ಕಂದು ಸಿಪ್ಪೆ ಹೊದ್ದುಕೊಂಡು, ಮೊಳಕೈ ಉದ್ದ ಇಳಿದು, ಕೊನೆಗೆ ಗೆದ್ದಲುಗಳು ಕಟ್ಟಿದ ಜೇನುಹುಟ್ಟಿನಂಥ ಕಂದು ಗೂಡಿಗೆ ಹೋಗಿ ಮುಟ್ಟಿತು. ಆ ಗೂಡಿನ ಮೇಲೆ ಸಾಸಿವೆಕಾಳಿಗಿಂತ ಸಣ್ಣ ಬಿಳಿಯ ಗುಂಡುಗಳು ಚೆಲ್ಲಿದಂತೆ ಇದ್ದವು. ಅಜ್ಜ ಬಗ್ಗಿ ನೋಡಿ, "ಇದು ಅದರ ಒಲಿ" ಎಂದರು. ಬೇರಿನಂತೆ ಕಾಣುವ ಈ ಇಳಿಜಡೆಯೇ ಟರ್ಮಿಟೋಮೈಸಿಸ್ ಕುಲದ ಬಹುಪಾಲು ಪ್ರಭೇದಗಳ ಹೆಗ್ಗುರುತು. ನೆಲದ ಮಟ್ಟಕ್ಕೆ ಕೊಯ್ದು ತಂದಿದ್ದರೆ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಅಮಾನಿಟಾ ಕುಲದಲ್ಲೂ ಹೀಗೆಯೇ: ಬುಡವನ್ನು ಹೊದ್ದ ಚೀಲ ಮಣ್ಣಿನೊಳಗೇ ಹುದುಗಿರುತ್ತದೆ, ಮತ್ತು ಅತ್ಯಂತ ವಿಷದ ಅಣಬೆಗಳು ಆ ಕುಲದಲ್ಲೇ ಇವೆ.

ಹಂತ 3: ತಾಜಾ ಇರುವಾಗಲೇ ವಿವರಣೆ ಬರೆಯುವುದು

ಒಣಗಿದ ಮೇಲೆ ಬಣ್ಣ, ವಾಸನೆ, ಮೈಯ ಅಂಟು ಮೂರೂ ಹೋಗುತ್ತವೆ. ಆದ್ದರಿಂದ ಅದೇ ದಿನ ಕೂತು ಬರೆಯಬೇಕು. ಕೊಡೆಯ ಅಗಲ ಎಷ್ಟು ಸೆಂಟಿಮೀಟರ್, ನಡುವೆ ಗುಬ್ಬಿ (ಉಬ್ಬು) ಇದೆಯೋ ತಗ್ಗೋ, ಅಂಚು ಗೀರುಗೀರಾಗಿದೆಯೋ ನುಣುಪೋ, ಹುರುಪೆಗಳಿದ್ದರೆ ಒರೆಸಿದಾಗ ಉದುರುತ್ತವೆಯೋ ಇಲ್ಲವೋ ನೋಡಿ. ಕೊಡೆಯ ಕೆಳಗೆ ಕಿವಿರುಗಳೋ (ಹಾಳೆಯಂಥ ತೆಳು ಪದರಗಳು), ರಂಧ್ರಗಳೋ, ಮುಳ್ಳುಗಳೋ ಎಂಬುದು ದೊಡ್ಡ ಭೇದ. ಕಿವಿರುಗಳಿದ್ದರೆ ಅವು ಕಾಂಡವನ್ನು ಮುಟ್ಟದೆ ನಿಂತಿವೆಯೇ, ಅಂಟಿಕೊಂಡಿವೆಯೇ, ಕಾಂಡದ ಮೇಲೆ ಇಳಿದುಬಂದಿವೆಯೇ ಎಂದು ತಿಳಿಯಲು ಅಣಬೆಯನ್ನು ಉದ್ದಕ್ಕೆ ಎರಡು ಹೋಳು ಮಾಡಬೇಕು. ಹೋಳು ಮಾಡಿದ ಕ್ಷಣದಲ್ಲಿ ತಿರುಳಿನ ಬಣ್ಣ ಬದಲಾಗುತ್ತದೆಯೇ ಎಂದು ಗಡಿಯಾರ ಹಿಡಿದು ನೋಡಿ. ಕಾಂಡದಲ್ಲಿ ಉಂಗುರ ಇದೆಯೇ, ಅದು ಮೇಲೆ ಕೆಳಗೆ ಸರಿದಾಡುತ್ತದೆಯೇ ಎಂಬುದನ್ನೂ ಸೇರಿಸಿ.

ಬಣ್ಣ ಬರೆಯುವುದೇ ಕಷ್ಟದ ಕೆಲಸ. ಕಂದು ಎಂದರೆ ಯಾವ ಕಂದು? ಮನ್ಸೆಲ್ ಬಣ್ಣಪಟ್ಟಿ ಸಿಕ್ಕರೆ ಅದರ ಸಂಖ್ಯೆ ಬರೆಯಿರಿ. ಸಿಗದಿದ್ದರೆ ಹುರಿದ ಕಾಫಿ ಬೀಜ, ಜೋನಿಬೆಲ್ಲ, ಗೋಧಿ, ಒಣಗಿದ ಬ್ಯಾಡಗಿ ಮೆಣಸಿನಕಾಯಿ ಎಂದು ಎಲ್ಲರೂ ಕಂಡ ವಸ್ತುವಿಗೆ ಹೋಲಿಸಿ. ಸುಮ್ಮನೆ ಕಂದು, ಕೆಂಪು ಎನ್ನುವುದಕ್ಕಿಂತ ಅದು ಎಷ್ಟೋ ಖಚಿತ. ಎಳೆಯದು, ಬಲಿತದ್ದು, ಮುದಿಯಾದದ್ದು ಮೂರನ್ನೂ ಬೇರೆ ಬೇರೆಯಾಗಿ ವಿವರಿಸಬೇಕು, ಏಕೆಂದರೆ ಒಂದೇ ಅಣಬೆ ಮೂರು ದಿನದಲ್ಲಿ ಮೂರು ರೂಪ ತಾಳುತ್ತದೆ.

ಹಂತ 4: ಬೀಜಕದ ಅಚ್ಚು ತೆಗೆಯುವುದು

ಬೀಜಕವೆಂದರೆ ಅಣಬೆ ಉದುರಿಸುವ, ಬೀಜದ ಕೆಲಸ ಮಾಡುವ ಧೂಳಿನಂಥ ಕಣ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಹೆಚ್ಚು ತಿಳಿಸುವ ಹಂತ ಇದು, ಆದರೂ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಬಲಿತ ಕೊಡೆಯನ್ನು ಕಾಂಡದಿಂದ ಬಿಡಿಸಿ, ಕಿವಿರು ಕೆಳಮುಖವಾಗುವಂತೆ ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಇಟ್ಟು, ಗಾಳಿಯಾಡದಂತೆ ಸ್ಟೀಲ್ ಬೋಗುಣಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಕೊಡೆ ತೀರ ಒಣಗಿದ್ದರೆ ಮೇಲೆ ಒಂದು ಹನಿ ನೀರು ಹಾಕಬಹುದು. ಬೆಳಿಗ್ಗೆ ಕಾಗದದ ಮೇಲೆ ಕಿವಿರುಗಳ ಗೆರೆಗೆರೆಯ ಅಚ್ಚು ಬಿದ್ದಿರುತ್ತದೆ.

ಹುಬ್ಬಳ್ಳಿಯ ಒಂದು ಮನೆಯಂಗಳದ ಹುಲ್ಲುಹಾಸಿನಲ್ಲಿ ಜುಲೈ ತಿಂಗಳ ಒಂದು ಮಳೆಯ ಮರುದಿನ ಅಂಗೈಗಿಂತ ಅಗಲವಾದ ಬಿಳಿ ಕೊಡೆಗಳು ಬಳಸಿ ನಿಂತಿದ್ದವು. ಮೇಲೆ ಕಂದು ಹುರುಪೆ, ಕಾಂಡದಲ್ಲಿ ಸರಿದಾಡುವ ಉಂಗುರ, ಕೆಳಗೆ ಅಚ್ಚಬಿಳಿಯ ಕಿವಿರು. ನೋಡಿದವರು ಮಾರುಕಟ್ಟೆಯ ಬಟನ್ ಅಣಬೆಯ ಸಂಬಂಧಿ ಎಂದುಕೊಂಡಿದ್ದರು. ಅಚ್ಚು ತೆಗೆಯಲು ಇಟ್ಟೆವು. ಬೆಳಿಗ್ಗೆ ಬೋಗುಣಿ ಎತ್ತಿದಾಗ ಬಿಳಿ ಕಾಗದದ ಮೇಲೆ ಮಾಸಿದ ಹೆಸರುಕಾಳಿನ ಹಸಿರು. ಆ ಒಂದು ಬಣ್ಣ ಎಲ್ಲ ಚರ್ಚೆಯನ್ನೂ ಮುಗಿಸಿತು. ಅಗಾರಿಕಸ್ ಕುಲದ ಬೀಜಕಗಳು ಚಾಕೊಲೇಟಿನಂಥ ಗಾಢ ಕಂದು. ಹಸಿರು ಅಚ್ಚು ಬೀಳುವ ದೊಡ್ಡ ಹುಲ್ಲುಗಾವಲಿನ ಅಣಬೆ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್, ತಿಂದರೆ ತೀವ್ರ ವಾಂತಿಭೇದಿ ತರುವ ವಿಷದ ಅಣಬೆ. ಅದರ ಕಿವಿರು ಎಳೆಯದಿರುವಾಗ ಬಿಳಿಯಾಗಿಯೇ ಇದ್ದು, ಬೀಜಕ ಬಲಿತ ಮೇಲಷ್ಟೇ ಹಸಿರಾಗುತ್ತದೆ.

ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಲ್ಲಿ ಕಿವಿರಿನ ಅಣಬೆಗಳನ್ನು ವಿಂಗಡಿಸಿದ್ದೂ ಬೀಜಕದ ಬಣ್ಣ ಹಿಡಿದೇ. ಬಿಳಿ, ನಸುಗೆಂಪು, ತುಕ್ಕುಕಂದು, ಗಾಢ ಕಂದು, ಕಪ್ಪು ಎಂಬ ಈ ಸಾಲು ವರ್ಗೀಕರಣದ ತಳಹದಿಯಾಗಿ ಇಂದು ಉಳಿದಿಲ್ಲ, ಆದರೆ ಗುರುತಿಸುವ ಕೆಲಸಕ್ಕೆ ಮೊದಲ ಕವಲಾಗಿ ಇಂದಿಗೂ ಅದರಷ್ಟು ನೆಚ್ಚಿಕೆಯದು ಇನ್ನೊಂದಿಲ್ಲ. ಪ್ಲೂರೋಟಸ್, ಅಮಾನಿಟಾ ಬಿಳಿ ಅಥವಾ ಬಿಳಿಗೆ ಹತ್ತಿರ, ಟರ್ಮಿಟೋಮೈಸಿಸ್ ಮತ್ತು ಭತ್ತದ ಹುಲ್ಲಿನ ಅಣಬೆಯಾದ ವಾಲ್ವೇರಿಯೆಲ್ಲಾ ನಸುಗೆಂಪು, ಕಾಪ್ರಿನಸ್ ಕಪ್ಪು. ಅಚ್ಚನ್ನು ಕೆರೆದು ತೆಗೆಯದೆ ಕಾಗದ ಮಡಿಸಿ ಮಾದರಿಯೊಡನೆ ಇಡಿ. ಸೂಕ್ಷ್ಮದರ್ಶಕದಲ್ಲಿ ಅಳೆಯಲು ಪೂರ್ತಿ ಬಲಿತ ಬೀಜಕಗಳು ಸಿಗುವುದು ಅಲ್ಲಿಯೇ.

ಹಂತ 5: ಒಣಗಿಸಿ ಕಾಪಾಡುವುದು

ಹಲವು ವರ್ಷಗಳ ಹಿಂದೆ ಸಾಗವಾನಿ ಕಾಡಿನ ಒಂದು ಅಣಬೆಯನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಧಾರವಾಡಕ್ಕೆ ತಂದೆ. ಮನೆಗೆ ಬಂದು ಬಿಚ್ಚುವಷ್ಟರಲ್ಲಿ ಅದು ಲೋಳೆಯಾಗಿತ್ತು. ಚಿತ್ರಗಳಿದ್ದವು, ಆ ಧೈರ್ಯದ ಮೇಲೆ ಡೈರಿಯಲ್ಲಿ ಪ್ರಭೇದದ ಹೆಸರನ್ನೂ ಬರೆದೆ. ಮುಂದೆ ಆ ಕುಲದ ಬಗ್ಗೆ ಹೆಚ್ಚು ಓದಿದಾಗ, ಅಂಥದೇ ಹೊರರೂಪದ ಬೇರೆ ಪ್ರಭೇದಗಳೂ ಇವೆ, ಅವುಗಳ ಭೇದ ಬೀಜಕದಲ್ಲಿದೆ ಎಂದು ತಿಳಿಯಿತು. ಬೀಜಕ ನೋಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಡೈರಿಯ ಆ ಹೆಸರಿಗೆ ಕಾಟು ಹಾಕಿ ಬರೀ ಕುಲದ ಹೆಸರು ಉಳಿಸಿದೆ. ಆ ಕಾಟನ್ನು ನೋಡಿದಾಗ ಈಗಲೂ ನೋವಾಗುತ್ತದೆ.

ಒಣಗಿಸಲು 40ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿ ಸಾಕು. ತರಕಾರಿ ಒಣಗಿಸುವ ಸಣ್ಣ ವಿದ್ಯುತ್ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಶ್ರಾವಣದ ತಂಪು ಹವೆಯಲ್ಲಿ ಬಿಸಿಲನ್ನು ನಂಬಿ ಕೂತರೆ ಬೂಸು ಹಿಡಿಯುತ್ತದೆ. ದಪ್ಪ ಅಣಬೆಯನ್ನು ಉದ್ದಕ್ಕೆ ಸೀಳಿ, ಹಪ್ಪಳದಂತೆ ಮುರಿಯುವ ತನಕ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ, ಸಿಲಿಕಾ ಜೆಲ್ ಇಟ್ಟ ಬಿಗಿಮುಚ್ಚಳದ ಡಬ್ಬದಲ್ಲಿ ಇಡಬೇಕು. ಡಿಎನ್‌ಎ ಪರೀಕ್ಷೆಗೆಂದು ಕಿವಿರಿನ ಒಂದು ಚೂರನ್ನು ತಾಜಾ ಇರುವಾಗಲೇ ಸಿಲಿಕಾ ಜೆಲ್‌ನಲ್ಲಿ ಬೇರೆಯಾಗಿ ಇಟ್ಟರೆ ಒಳ್ಳೆಯದು. ಪ್ರತಿ ಮಾದರಿಗೂ ಒಂದೇ ಒಂದು ಸಂಖ್ಯೆ ಇರಲಿ. ಅದೇ ಸಂಖ್ಯೆ ನೋಟಬುಕ್ಕಿನಲ್ಲೂ ಚಿತ್ರಗಳಲ್ಲೂ ಅಚ್ಚಿನ ಕಾಗದದಲ್ಲೂ ಇರಲಿ.

ಹಂತ 6: ಕುಲ ಗೊತ್ತುಮಾಡುವುದು

ಈಗ ಏಣಿಯ ಮೇಲಿನ ಮೆಟ್ಟಿಲಿನಿಂದ ಇಳಿಯೋಣ. ಶಿಲೀಂಧ್ರಗಳದು ಸಸ್ಯಗಳಿಂದ ಬೇರೆಯಾದ ಸಾಮ್ರಾಜ್ಯ. 1969ರಲ್ಲಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವ್ಯವಸ್ಥೆಯಲ್ಲಿ ಅವಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಕೆಳಗಿನ ಮೆಟ್ಟಿಲುಗಳನ್ನು ಹೆಸರಿನ ಬಾಲದಿಂದಲೇ ಗುರುತಿಸಬಹುದು: ವಿಭಾಗದ ಹೆಸರು ಮೈಕೋಟಾ ಎಂದೂ, ವರ್ಗದ್ದು ಮೈಸಿಟಿಸ್ ಎಂದೂ, ಗಣದ್ದು ಏಲಿಸ್ ಎಂದೂ, ಕುಟುಂಬದ್ದು ಏಸಿಯೇ ಎಂದೂ ಮುಗಿಯುತ್ತದೆ. ನಮ್ಮ ಹುತ್ತದ ಅಣಬೆ ಬೆಸಿಡಿಯೋಮೈಕೋಟಾ ವಿಭಾಗ, ಅಗಾರಿಕೋಮೈಸಿಟಿಸ್ ವರ್ಗ, ಅಗಾರಿಕೇಲಿಸ್ ಗಣ, ಲಯೋಫಿಲ್ಲೇಸಿಯೇ ಕುಟುಂಬ, ಟರ್ಮಿಟೋಮೈಸಿಸ್ ಕುಲಕ್ಕೆ ಸೇರಿದ್ದು. ಹಾಲಣಬೆ ಎಂದು ಬೆಳೆಸುವ ಕ್ಯಾಲೊಸೈಬ್ ಇಂಡಿಕಾ ಕೂಡ ಇದೇ ಕುಟುಂಬದಲ್ಲಿ ಇರಿಸಲ್ಪಟ್ಟಿದೆ. ಒಂದು ಗೆದ್ದಲಿನ ಹಂಗಿಲ್ಲದೆ ಏಳುವುದಿಲ್ಲ, ಇನ್ನೊಂದು ಭತ್ತದ ಹುಲ್ಲಿನ ಚೀಲದಲ್ಲಿ ಬೆಳೆಯುತ್ತದೆ; ಆದರೂ ಅವು ದಾಯಾದಿಗಳು. ಎಲ್ಲಿ ಬೆಳೆಯುತ್ತದೆ ಎಂಬುದು ಗುರುತಿಗೆ ನೆರವಾಗುತ್ತದೆಯೇ ಹೊರತು ಸಂಬಂಧಕ್ಕೆ ಸಾಕ್ಷಿಯಾಗುವುದಿಲ್ಲ.

ಕುಲ ಹುಡುಕಲು ದ್ವಿಕವಲು ಕೀಲಿಯನ್ನು ಬಳಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಎರಡೇ ಆಯ್ಕೆ: ಬೀಜಕ ಬಿಳಿಯೋ ಬಣ್ಣದ್ದೋ, ಕಿವಿರು ಕಾಂಡ ಮುಟ್ಟಿದೆಯೋ ಇಲ್ಲವೋ, ಉಂಗುರ ಇದೆಯೋ ಇಲ್ಲವೋ. ನಸುಗೆಂಪು ಅಚ್ಚು ಬಿದ್ದ ಅಣಬೆಯನ್ನು ತೆಗೆದುಕೊಳ್ಳಿ. ಬುಡದಲ್ಲಿ ಚೀಲವಿದ್ದು ಉಂಗುರವಿಲ್ಲದಿದ್ದರೆ ವಾಲ್ವೇರಿಯೆಲ್ಲಾದ ಕಡೆ ಹೋಗಬೇಕು. ಚೀಲವಿಲ್ಲದೆ, ಕಿವಿರು ಕಾಂಡ ಮುಟ್ಟದೆ, ಬುಡ ಇಳಿಜಡೆಯಾಗಿ ಗೆದ್ದಲಿನ ಗೂಡಿಗೆ ಇಳಿದಿದ್ದರೆ ಟರ್ಮಿಟೋಮೈಸಿಸ್. ಕಿವಿರು ಕಾಂಡಕ್ಕೆ ಅಂಟಿದ್ದು, ಬೀಜಕ ಸೂಕ್ಷ್ಮದರ್ಶಕದಲ್ಲಿ ಮೂಲೆಮೂಲೆಯಾಗಿ ಕಂಡರೆ ಎಂಟೊಲೋಮಾ. ಕೀಲಿಯಲ್ಲಿ ಎರಡು ಉತ್ತರವೂ ಹೊಂದುವಂತೆ ತೋರಿದರೆ ಎರಡೂ ದಾರಿ ಹಿಡಿದು ನೋಡಿ, ಕೊನೆಗೆ ಸಿಕ್ಕ ವಿವರಣೆಯನ್ನು ಮಾದರಿಯೊಡನೆ ಪೂರ್ತಿ ಹೋಲಿಸಬೇಕು.

ಕುಲದ ಎಲ್ಲೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ಕಾಪ್ರಿನಸ್ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತಿಪ್ಪೆಯ ಮೇಲೆ ಬೆಳಿಗ್ಗೆ ಎದ್ದು ಮಧ್ಯಾಹ್ನಕ್ಕೆ ಕಪ್ಪು ಮಸಿಯಾಗಿ ಕರಗುವ ಅಣಬೆಗಳನ್ನೆಲ್ಲ ಎರಡು ಶತಮಾನ ಕಾಲ ಕಾಪ್ರಿನಸ್ ಎನ್ನುತ್ತಿದ್ದರು. ಡಿಎನ್‌ಎ ಹೋಲಿಸಿದಾಗ ಆ ಕರಗುವ ಗುಣ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಬಂದದ್ದೆಂದು ತಿಳಿಯಿತು. ಕಾಪ್ರಿನಸ್ ಕೊಮೇಟಸ್ ಎಂಬುದು ಆ ಕುಲದ ಮಾದರಿ ಪ್ರಭೇದ, ಅಂದರೆ ಕುಲದ ಹೆಸರು ಯಾವ ಪ್ರಭೇದಕ್ಕೆ ಕಟ್ಟಿಬಿದ್ದಿದೆಯೋ ಅದು. ಅದು ಬಟನ್ ಅಣಬೆಯ ಕುಟುಂಬಕ್ಕೆ ಸೇರಿದ್ದಾಗಿತ್ತು, ಉಳಿದ ಬಹುಪಾಲು ಪ್ರಭೇದಗಳು ಬೇರೊಂದು ಕುಟುಂಬದವಾಗಿದ್ದವು. ಹೆಸರು ಮಾದರಿ ಪ್ರಭೇದವನ್ನು ಬಿಟ್ಟು ಹೋಗುವಂತಿಲ್ಲವಾದ್ದರಿಂದ 2001ರಲ್ಲಿ ಕಾಪ್ರಿನಸ್ ಎಂಬ ಹೆಸರು ಕೆಲವೇ ಪ್ರಭೇದಗಳ ಜೊತೆ ಉಳಿದು, ಹೆಚ್ಚಿನವು ಕಾಪ್ರಿನಾಪ್ಸಿಸ್, ಕಾಪ್ರಿನೆಲ್ಲಸ್, ಪ್ಯಾರಾಸೋಲಾ ಎಂಬ ಕುಲಗಳಿಗೆ ಹಂಚಿಹೋದವು. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಂಡಾಗ ಯಾರೋ ತಪ್ಪು ಮಾಡಿದ್ದಾರೆಂದು ತಿಳಿಯಬೇಡಿ; ವರ್ಗೀಕರಣ ಬದಲಾದ್ದರಿಂದ ಹೆಸರೂ ಅದರ ಹಿಂದೆ ಹೋಗಿರುತ್ತದೆ.

ಹಂತ 7: ಸೂಕ್ಷ್ಮದರ್ಶಕ

ಕಾಲೇಜಿನ ಪ್ರಯೋಗಾಲಯದಲ್ಲಿ ಎಣ್ಣೆಮಸೂರವಿರುವ, ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಿಕ್ಕರೆ ಕೆಲಸ ಮುಂದುವರಿಯುತ್ತದೆ. ಒಣಗಿದ ಕಿವಿರಿನ ತೆಳು ಸೀಳನ್ನು ಹೊಸ ಬ್ಲೇಡಿನಿಂದ ತೆಗೆದು, ಶೇಕಡಾ 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಅದು ಮತ್ತೆ ಹಿಗ್ಗುತ್ತದೆ. ಕಾಂಗೋ ರೆಡ್ ಎಂಬ ಬಣ್ಣ ಹಾಕಿದರೆ ಕೋಶಗಳ ಗೋಡೆ ಎದ್ದು ಕಾಣುತ್ತದೆ. ಅಯೋಡಿನ್ ಸೇರಿದ ಮೆಲ್ಟ್ಸರ್ ದ್ರಾವಣದಲ್ಲಿ ಬೀಜಕ ನೀಲಿಗಪ್ಪಾಗುತ್ತದೆಯೋ, ಕೆಂಗಂದಾಗುತ್ತದೆಯೋ, ಬದಲಾಗದೆ ಉಳಿಯುತ್ತದೆಯೋ ಎಂಬುದು ಹಲವು ಕುಲಗಳಿಗೆ ನಿರ್ಣಾಯಕ. ಕ್ಲೋರೋಫಿಲ್ಲಮ್ ಬೀಜಕ ಕೆಂಗಂದಾಗುತ್ತದೆ, ಟರ್ಮಿಟೋಮೈಸಿಸ್ ಬೀಜಕ ಬದಲಾಗುವುದಿಲ್ಲ.

ಬೀಜಕವನ್ನು ಅಳೆಯುವಾಗ ಅಚ್ಚಿನಿಂದಲೇ ತೆಗೆದು, ಮಗ್ಗುಲಾಗಿ ಮಲಗಿದವನ್ನು ಮಾತ್ರ ಆರಿಸಿ, ಕನಿಷ್ಠ 30 ಬೀಜಕಗಳ ಉದ್ದ ಅಗಲವನ್ನು ಮೈಕ್ರೋಮೀಟರ್‌ನಲ್ಲಿ ಬರೆಯಬೇಕು. ಉದ್ದವನ್ನು ಅಗಲದಿಂದ ಭಾಗಿಸಿದ ಪ್ರಮಾಣವೂ ಬೇಕು, ಏಕೆಂದರೆ ದುಂಡು, ಮೊಟ್ಟೆಯಾಕಾರ, ನೀಳ ಎಂಬ ಮಾತುಗಳಿಗಿಂತ ಆ ಸಂಖ್ಯೆ ನೇರವಾಗಿ ಹೇಳುತ್ತದೆ. ಬೀಜಕ ಹೊರುವ ಬೆಸಿಡಿಯಮ್ ಎಂಬ ಕೋಶದ ಮೇಲೆ ಎಷ್ಟು ಬೀಜಕಗಳಿವೆ ಎಂದು ಎಣಿಸಿ. ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಬಟನ್ ಅಣಬೆಯಲ್ಲಿ ಎರಡೇ ಇರುವುದರಿಂದ ಅದಕ್ಕೆ ಅಗಾರಿಕಸ್ ಬೈಸ್ಪೋರಸ್ ಎಂಬ ಹೆಸರು ಬಂತು.

ಹಂತ 8: ಪ್ರಭೇದಕ್ಕೆ ಇಳಿಯುವುದು

ಇಲ್ಲಿ ನಿಧಾನವೇ ಪ್ರಧಾನ. ಕುಲದ ಎಲ್ಲ ಪ್ರಭೇದಗಳ ವಿವರಣೆ ಇರುವ ಪ್ರಬಂಧವನ್ನು ಹುಡುಕಿ, ನಿಮ್ಮ ಟಿಪ್ಪಣಿಯನ್ನು ಪ್ರಭೇದದ ಮೊಟ್ಟಮೊದಲ ವಿವರಣೆಯೊಡನೆ ಹೋಲಿಸಬೇಕು. ಹುತ್ತದ ಅಣಬೆಯಲ್ಲೇ ನೋಡಿ: ಟರ್ಮಿಟೋಮೈಸಿಸ್ ಹೈಮಿಯೈ ಎಂಬುದನ್ನು ಕೆ. ನಟರಾಜನ್ ಅವರು ದಕ್ಷಿಣ ಭಾರತದಿಂದಲೇ 1979ರಲ್ಲಿ ವಿವರಿಸಿದರು. ಅದರ ಕಾಂಡದಲ್ಲಿ ಉಳಿದುಕೊಳ್ಳುವ ಉಂಗುರವೂ ಕೆಳಗೆ ಉದ್ದನೆಯ ಇಳಿಜಡೆಯೂ ಇವೆ. ಟರ್ಮಿಟೋಮೈಸಿಸ್ ಕ್ಲೈಪಿಯೇಟಸ್‌ಗೆ ಉಂಗುರವಿಲ್ಲ, ಕೊಡೆಯ ನಡುವೆ ಈಟಿಯಂಥ ಚೂಪುಗುಬ್ಬಿ ಇರುತ್ತದೆ. ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್ ಒಂದೆರಡು ಸೆಂಟಿಮೀಟರ್ ಅಗಲದ ಪುಟ್ಟ ಕೊಡೆಗಳಾಗಿ, ಗೆದ್ದಲುಗಳು ಹೊರಗೆ ತಂದು ಹಾಕಿದ ಗೂಡಿನ ಚೂರುಗಳ ಮೇಲೆ, ಅಕ್ಕಿ ಚೆಲ್ಲಿದಂತೆ ನೂರಾರು ಏಳುತ್ತದೆ. ಅದಕ್ಕೆ ಉದ್ದನೆಯ ಇಳಿಜಡೆ ಇಲ್ಲ. ಯುರೋಪಿನ ಚಿತ್ರಪುಸ್ತಕ ಹಿಡಿದು ಹುಡುಕಿದವರಿಗೆ ಈ ಕುಲವೇ ಸಿಗದು, ಏಕೆಂದರೆ ಅಣಬೆ ಸಾಕುವ ಗೆದ್ದಲು ಇರುವುದು ಆಫ್ರಿಕಾ ಮತ್ತು ಏಷ್ಯಾದ ಬಿಸಿನಾಡುಗಳಲ್ಲಿ.

ಹಾಗೆಯೇ ಉಲ್ಟಾ ತಪ್ಪೂ ಆಗುತ್ತದೆ. ಇಂಗ್ಲೆಂಡಿನ ಮಾದರಿಯ ಮೇಲೆ 1781ರಲ್ಲಿ ಹೆಸರು ಪಡೆದ ಗ್ಯಾನೊಡರ್ಮಾ ಲೂಸಿಡಮ್ ಎಂಬುದನ್ನು ನಮ್ಮ ಮಾವು, ಬೇವಿನ ಬುಡದ ಪ್ರತಿ ಹೊಳಪಿನ ಕಟ್ಟಣಬೆಗೂ ಅಂಟಿಸುತ್ತ ಬಂದಿದ್ದಾರೆ. ಅಂಥ ಕಡೆ ಗ್ಯಾನೊಡರ್ಮಾ ಎಸ್‌ಪಿ. ಎಂದು ಬರೆದು ನಿಲ್ಲಿಸುವುದೇ ಪ್ರಾಮಾಣಿಕತೆ. ಎಸ್‌ಪಿ. ಎಂದರೆ ಕುಲ ಖಚಿತ, ಪ್ರಭೇದ ಗೊತ್ತಿಲ್ಲ. ಸಿಎಫ್. ಎಂದರೆ ಈ ಪ್ರಭೇದವೇ ಇರಬಹುದು, ಇನ್ನೂ ಹೋಲಿಸಬೇಕು. ಎಎಫ್‌ಎಫ್. ಎಂದರೆ ಈ ಪ್ರಭೇದಕ್ಕೆ ಹತ್ತಿರದ್ದು, ಆದರೆ ಅದಲ್ಲ.

ಹಂತ 9: ಡಿಎನ್‌ಎ ಸಾಕ್ಷ್ಯ

ಶಿಲೀಂಧ್ರಗಳ ಬಾರ್‌ಕೋಡ್ ಎಂದು 2012ರಲ್ಲಿ ಒಪ್ಪಿತವಾದದ್ದು ಐಟಿಎಸ್ ಎಂಬ ಡಿಎನ್‌ಎ ತುಣುಕು. ಒಣಗಿದ ಕಿವಿರಿನ ಚೂರಿನಿಂದ ಅದನ್ನು ಓದಿಸಿ, ಜೆನ್‌ಬ್ಯಾಂಕ್ ಮತ್ತು ಯುನೈಟ್ ಎಂಬ ಡಿಎನ್‌ಎ ಸಾಲುಗಳ ಸಂಗ್ರಹಗಳಲ್ಲಿ ಹೋಲಿಸಬಹುದು. ಶೇಕಡಾ 97 ಹೊಂದಿದರೆ ಅದೇ ಪ್ರಭೇದ ಎಂಬ ಲೆಕ್ಕ ಬರೀ ಅಂದಾಜಿನದು. ಕೆಲವು ಕುಲಗಳಲ್ಲಿ ಬೇರೆ ಬೇರೆ ಪ್ರಭೇದಗಳೂ ಅದಕ್ಕಿಂತ ಹೆಚ್ಚು ಹೊಂದುತ್ತವೆ. ಇನ್ನೂ ಮುಖ್ಯವಾದದ್ದು, ಸಂಗ್ರಹದಲ್ಲಿರುವ ಹೆಸರನ್ನೂ ಯಾರೋ ಒಬ್ಬರು ಕೊಟ್ಟದ್ದು, ಅದೂ ತಪ್ಪಿರಬಹುದು. ಆದ್ದರಿಂದ ಹೊಂದಿಕೆಯ ಪಟ್ಟಿಯಲ್ಲಿ ಮೇಲಿರುವ ಹೆಸರಿಗಿಂತ, ಪ್ರಭೇದದ ಮೂಲಮಾದರಿಯಿಂದ, ಅಂದರೆ ಆ ಹೆಸರು ಕಟ್ಟಿಬಿದ್ದಿರುವ ಮಾದರಿಯಿಂದ, ಓದಿದ ಸಾಲು ಯಾವುದು ಎಂದು ಹುಡುಕಬೇಕು.

ಹಂತ 10: ಹೆಸರನ್ನು ಓದುವುದು

ಶಿಲೀಂಧ್ರಗಳ ಹೆಸರಿಗೆ ಇಂದಿಗೂ ಪಾಚಿ, ಶಿಲೀಂಧ್ರ, ಸಸ್ಯಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯೇ ಆಧಾರ. ಅವನ್ನು ಸಸ್ಯಗಳೆಂದು ತಿಳಿದಿದ್ದ ಕಾಲದ ನಂಟು ಅದು. ಹೆಸರುಗಳ ಆರಂಭಬಿಂದು 1753ರ ಮೇ 1, ಲಿನೇಯಸ್‌ನ ಗ್ರಂಥದ ದಿನ. ಒಂದೇ ಪ್ರಭೇದಕ್ಕೆ ಹಲವು ಹೆಸರುಗಳಿದ್ದರೆ ಕ್ರಮಬದ್ಧವಾಗಿ ಮೊದಲು ಪ್ರಕಟವಾದದ್ದಕ್ಕೆ ಮನ್ನಣೆ.

ಪ್ಲೂರೋಟಸ್ ಆಸ್ಟ್ರಿಯೇಟಸ್ (ಜಾಕ್.) ಪಿ. ಕುಮ್. ಎಂಬುದನ್ನು ಬಿಡಿಸಿ ನೋಡೋಣ. ಕಂಸದೊಳಗಿನ ಜಾಕ್ವಿನ್ ಇದನ್ನು ಮೊದಲು ಅಗಾರಿಕಸ್ ಆಸ್ಟ್ರಿಯೇಟಸ್ ಎಂದು ಹೆಸರಿಸಿದ. ಕಂಸದ ಹೊರಗಿನ ಕುಮ್ಮರ್ 1871ರಲ್ಲಿ ಅದನ್ನು ಪ್ಲೂರೋಟಸ್ ಕುಲಕ್ಕೆ ವರ್ಗಾಯಿಸಿದ. ಅಂದರೆ ಕಂಸ ಕಂಡಲ್ಲಿ ಸಾಮಾನ್ಯವಾಗಿ ಅಣಬೆ ಕುಲ ಬದಲಿಸಿದೆ ಎಂದು ತಿಳಿಯಬೇಕು. ಲಿನೇಯಸ್ ಇಟ್ಟ ಅಗಾರಿಕಸ್ ಕ್ಯಾಂಪೆಸ್ಟ್ರಿಸ್ ಮುಂದೆ ಕಂಸವಿಲ್ಲ, ಅದು ಇಟ್ಟ ಮನೆಯಲ್ಲೇ ಉಳಿದಿದೆ.

ಎರಡನೆಯ ಪದ ಕುಲದ ಹೆಸರಿನ ಲಿಂಗವನ್ನು ಅನುಸರಿಸುತ್ತದೆ. ಬರ್ಕ್‌ಲಿ ಮತ್ತು ಬ್ರೂಮ್ 1871ರಲ್ಲಿ ಅಗಾರಿಕಸ್ ಮೈಕ್ರೋಕಾರ್ಪಸ್ ಎಂದು ಹೆಸರಿಸಿದ್ದು ಟರ್ಮಿಟೋಮೈಸಿಸ್‌ಗೆ ಬಂದಾಗ ಮೈಕ್ರೋಕಾರ್ಪಸ್ ಆಗಿಯೇ ಉಳಿಯಿತು, ಏಕೆಂದರೆ ಎರಡೂ ಪುಲ್ಲಿಂಗ. ಸಿಂಗರ್ ಅದನ್ನು ಪೊಡಾಬ್ರೆಲ್ಲಾ ಎಂಬ ಸ್ತ್ರೀಲಿಂಗದ ಕುಲದಲ್ಲಿ ಇಟ್ಟಾಗ ಮೈಕ್ರೋಕಾರ್ಪಾ ಆಯಿತು. ಸಂಸ್ಕೃತ ವಿಶೇಷಣಗಳ ಲಿಂಗವಿಭಕ್ತಿ ಬಲ್ಲವರಿಗೆ ಇದು ಹೊಸದೆನಿಸದು. ಕುಲದ ಹೆಸರು ದೊಡ್ಡಕ್ಷರದಿಂದಲೂ ಪ್ರಭೇದದ್ದು ಸಣ್ಣಕ್ಷರದಿಂದಲೂ ಲ್ಯಾಟಿನ್ ಲಿಪಿಯಲ್ಲಿ ವಾಲಕ್ಷರವಾಗಿ ಅಚ್ಚಾಗುತ್ತದೆ. ಕನ್ನಡದಲ್ಲಿ ಬರೆಯುವಾಗ ಎರಡೂ ಪದಗಳನ್ನು ಪೂರ್ತಿ ಬರೆದರೆ ಓದುಗರಿಗೆ ಗೊಂದಲವಾಗದು.

ಹಂತ 11: ಹೊಸ ಹೆಸರು ಪ್ರಕಟಿಸುವುದು

ಎಲ್ಲ ಹೋಲಿಕೆಯೂ ಮುಗಿದು, ಹತ್ತಿರದ ಪ್ರಭೇದಗಳ ಮೂಲಮಾದರಿಗಳನ್ನೂ ನೋಡಿದ ಮೇಲೆ ನಿಮ್ಮ ಅಣಬೆ ನಿಜವಾಗಿಯೂ ಹೊಸದೆಂದು ಖಚಿತವಾದರೆ ಮಾತ್ರ ಈ ಹಂತ. ಇದನ್ನು ವಿಶ್ವವಿದ್ಯಾಲಯದ ಅನುಭವಿ ವರ್ಗೀಕರಣಕಾರರ ಜೊತೆಗೂಡಿ ಮಾಡುವುದು ಲೇಸು. ನಿಯಮಗಳು ಸ್ಪಷ್ಟವಾಗಿವೆ. 1958ರಿಂದ ಈಚೆಗೆ ಪ್ರತಿ ಹೊಸ ಪ್ರಭೇದಕ್ಕೂ ಒಂದು ಮೂಲಮಾದರಿಯನ್ನು ಸೂಚಿಸಲೇಬೇಕು. ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗಿದೆ ಎಂಬುದನ್ನೂ ಹೇಳಬೇಕು. ಪ್ರಭೇದವನ್ನು ಬೇರ್ಪಡಿಸುವ ಲಕ್ಷಣಗಳನ್ನು ಲ್ಯಾಟಿನ್‌ನಲ್ಲಿ ಅಥವಾ, 2012ರಿಂದ ಈಚೆಗೆ, ಇಂಗ್ಲಿಷಿನಲ್ಲಿ ಕೊಡಬೇಕು. ಕನ್ನಡದಲ್ಲಿ ಎಷ್ಟೇ ವಿವರವಾಗಿ ಬರೆದರೂ ಅದೊಂದರಿಂದ ಹೆಸರು ಸಿಂಧುವಾಗದು. 2013ರಿಂದ ಮೈಕೋಬ್ಯಾಂಕ್, ಇಂಡೆಕ್ಸ್ ಫಂಗೋರಮ್, ಫಂಗಲ್ ನೇಮ್ಸ್ ಇವುಗಳಲ್ಲೊಂದು ಕಡೆ ನೋಂದಾಯಿಸಿ ಪಡೆದ ಸಂಖ್ಯೆ ಪ್ರಬಂಧದಲ್ಲಿ ಇರಬೇಕು. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸುವುದೂ ಕಡ್ಡಾಯ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯ ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಸಂಗ್ರಹ.

ಹೆಸರು ಆರಿಸುವಾಗ ಊರಿನ ಹೆಸರಿಗೆ ಎನ್ಸಿಸ್ ಸೇರಿಸಬಹುದು, ಕುಲ ನಪುಂಸಕಲಿಂಗವಾಗಿದ್ದರೆ ಎನ್ಸೆ. ಹಿರಿಯರೊಬ್ಬರ ಗೌರವಕ್ಕೆ ಇಡುವುದಾದರೆ ಹೈಮ್‌ನಿಂದ ಹೈಮಿಯೈ ಆದಂತೆ ಷಷ್ಠೀ ವಿಭಕ್ತಿ ಬರುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಶಿಷ್ಟರ ರೂಢಿಯಲ್ಲ. ಅಣಬೆಯ ಎದ್ದುಕಾಣುವ ಲಕ್ಷಣವನ್ನೇ ಹೆಸರಾಗಿಸಿದರೆ ಮುಂದೆ ಹೊಲದಲ್ಲಿ ಅದನ್ನು ನೋಡುವವರಿಗೂ ನೆರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಂತ 12: ಚೀಟಿ

ಪೊಟ್ಟಣದ ಮೇಲಿನ ಚೀಟಿಯಲ್ಲಿ ಮಾದರಿಯ ಸಂಖ್ಯೆ, ಹೆಸರು, ಊರು, ತಾಲೂಕು, ಜಿಲ್ಲೆ, ನೆಲೆ, ಹತ್ತಿರದ ಮರ, ತಾರೀಖು, ಸಂಗ್ರಹಿಸಿದವರು, ಗುರುತಿಸಿದವರು ಇಷ್ಟೂ ಇರಬೇಕು. ಸ್ಥಳೀಯರು ಹೇಳಿದ ಹೆಸರನ್ನು ಅವರ ಉಚ್ಚಾರದಲ್ಲೇ, ಹುತ್ತದ ಅಣಬಿ ಎಂದರೆ ಅಣಬಿ ಎಂದೇ ಬರೆಯಿರಿ. ಮುಂದೆ ಯಾರಾದರೂ ಅದೇ ಮಾದರಿಯನ್ನು ನೋಡಿ ಬೇರೆ ಹೆಸರು ಸರಿಯೆಂದು ಕಂಡರೆ, ಮೊದಲಿನ ಚೀಟಿಯನ್ನು ಕೀಳದೆ, ಅಳಿಸದೆ, ಅದರ ಕೆಳಗೆ ತಮ್ಮ ಹೆಸರು ಮತ್ತು ತಾರೀಖು ಇರುವ ಹೊಸ ಚೀಟಿ ಅಂಟಿಸುವುದು ಸಂಗ್ರಹಾಲಯಗಳ ಪದ್ಧತಿ. ಅದಕ್ಕೆ ಬೇಕಾದಷ್ಟು ಜಾಗವನ್ನು ಪೊಟ್ಟಣದ ಮೇಲೆ ಈಗಲೇ ಖಾಲಿ ಬಿಟ್ಟಿರಿ.